ಪೆನ್ಸಿಲ್ ಅಕ್ಷರ ಅಳಿಸಿದ ಮೇಲೆ ಉಳಿಯುವ ಇಂಗ್ಲಿಷ್ ಎಷ್ಟು?

ಹೊಸನಗರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪಾಠದ ಅರ್ಧ ಪುಟವನ್ನು ಎಲ್ಲಿಯೂ ತಡವರಿಸದೆ ಓದಿ ಮುಗಿಸಿದಳು. ನಾನು ಆಗ ಶಾಲೆಗಳಿಗೆ ಭೇಟಿ ಕೊಟ್ಟು ಬೋಧನೆಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಆ ಭಾಗದ ಸಿಆರ್‌ಪಿ ಆಗಿದ್ದೆ. ಶಾಲಾ ಭೇಟಿಯ ಪುಸ್ತಕದಲ್ಲಿ ‘ಓದು ಉತ್ತಮ’ ಎಂದು ಬರೆಯಲು ಪೆನ್ನು ತೆಗೆದಿದ್ದೆ. ಅಷ್ಟರಲ್ಲಿ ಅವಳ ಪುಸ್ತಕ ಕೈಗೆ ಬಂತು. ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಇರುವೆಯಷ್ಟು ಸಣ್ಣ ಕನ್ನಡ ಅಕ್ಷರಗಳು: ‘ದ ಸನ್ ರೈಸಸ್ ಇನ್ ದ ಈಸ್ಟ್’. ಹೈಸ್ಕೂಲಿಗೆ ಹೋಗುವ ಅಕ್ಕ ಬರೆದುಕೊಟ್ಟದ್ದಂತೆ. ರಬ್ಬರು ಕೇಳಿ ಇಸಿದುಕೊಂಡು ಎರಡು ಸಾಲು ಅಳಿಸಿದೆ. ಹುಡುಗಿ ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. “ಸರ್, ಅಳಿಸಿಬಿಟ್ಟರೆ ಇನ್ನು ಹೇಗೆ ಓದುವುದು?” ಎಂದಳು.

ಅದರಲ್ಲಿ ಕಪಟವೇನೂ ಇರಲಿಲ್ಲ. ಇಂಗ್ಲಿಷ್ ಓದುವುದೆಂದರೆ ಹೀಗೆಯೇ ಎಂದು ಅವಳು ನಂಬಿದ್ದಳು. ಸರಿಯಾಗಿ ನೋಡಿದರೆ ಅವಳು ಅಷ್ಟು ಹೊತ್ತು ಓದಿದ್ದು ಕನ್ನಡವನ್ನೇ, ಅದೂ ಒತ್ತಕ್ಷರ ಒಂದೂ ತಪ್ಪದಂತೆ. ‘ಈಸ್ಟ್ ಎಂದರೇನು?’ ಎಂದು ಕೇಳಿದ್ದಕ್ಕೆ ಮಾತ್ರ ಉತ್ತರವಿರಲಿಲ್ಲ.

ಆ ದಿನದಿಂದ ಯಾವ ಶಾಲೆಗೆ ಹೋದರೂ ನಾನು ಮೊದಲು ಪುಸ್ತಕ ನೋಡುತ್ತಿದ್ದೆ, ಆಮೇಲೆ ಓದಿಸುತ್ತಿದ್ದೆ. ಪೆನ್ಸಿಲ್ ಅಕ್ಷರ ಇಲ್ಲದ ಪುಸ್ತಕಗಳು ಸಿಕ್ಕಿದ್ದು ಕಡಿಮೆ. ಪೇಟೆಯ ಖಾಸಗಿ ಶಾಲೆಯ ಮಕ್ಕಳ ಪುಸ್ತಕದಲ್ಲೂ ಇದೇ ಪೆನ್ಸಿಲ್ ಇದೆ. ಅಲ್ಲಿ ಅದು ಇಂಗ್ಲಿಷ್ ಪಾಠದ ಜೊತೆಗೆ ವಿಜ್ಞಾನ, ಸಮಾಜದ ಪಾಠಗಳ ಮೇಲೂ ಹತ್ತಿ ಕುಳಿತಿದೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಇಂಗ್ಲಿಷ್ ಎಂದ ಕೂಡಲೇ ಜಗಳ ಶುರುವಾಗುವುದು ಮಾಧ್ಯಮದ ಮೇಲೆ. ಗೋಕಾಕ್ ಚಳವಳಿಯ ಕಾಲದಿಂದಲೂ ಹಾಗೆಯೇ. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದಿತು. ಮೊಕದ್ದಮೆ ಎರಡು ದಶಕ ಎಳೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಖಾಸಗಿ ಶಾಲೆಗಳ ಮೇಲೆ ಹಾಗೆ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಪೋಷಕರದು ಎಂದು ತೀರ್ಪು ಕೊಟ್ಟಿತು. 2019ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. 2025ರ ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ ಮತ್ತೆ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೇ ಶಿಫಾರಸು ಮಾಡಿತು. ಎತ್ತು ಏರಿಗೆ, ಕೋಣ ನೀರಿಗೆ. ಈ ಎಳೆದಾಟದಲ್ಲಿ ಇನ್ನೊಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಮಾಧ್ಯಮ ಯಾವುದೇ ಇರಲಿ, ಇಂಗ್ಲಿಷ್ ಎಂಬ ಒಂದು ಭಾಷೆಯನ್ನು ಕನ್ನಡದ ಮಗುವಿಗೆ ಕಲಿಸುವುದು ಹೇಗೆ? ಮಾಧ್ಯಮದ ಜಗಳ ಮುಗಿದ ಮೇಲೆ ಇದಕ್ಕೆ ಉತ್ತರ ತಾನಾಗಿ ಸಿಗುತ್ತದೆ ಎಂದು ಎರಡೂ ಕಡೆಯವರು ಎಣಿಸಿದಂತೆ ಕಾಣುತ್ತದೆ.

ಬೇಗ ಶುರು ಮಾಡಿದರೆ ಬೇಗ ಬರುತ್ತದೆ ಎಂಬ ಮಾತನ್ನು ನಾವು ಪರೀಕ್ಷೆ ಮಾಡಿ ನೋಡಿಯೂ ಆಗಿದೆ. 2007-08ರವರೆಗೆ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಐದನೇ ತರಗತಿಯಿಂದ ಇತ್ತು. ಆ ವರ್ಷ ಅದನ್ನು ಒಂದನೇ ತರಗತಿಗೆ ಇಳಿಸಲಾಯಿತು. ಆಗ ಒಂದನೇ ತರಗತಿಗೆ ಸೇರಿದ ಮಕ್ಕಳಲ್ಲಿ ಈಗ ಕೆಲವರಿಗೆ ತಮ್ಮದೇ ಮಕ್ಕಳಿರಬಹುದು. ನಾಲ್ಕು ವರ್ಷ ಮುಂಚೆ ಶುರುವಾದ ಇಂಗ್ಲಿಷ್ ಎಸ್ಸೆಸ್ಸೆಲ್ಸಿ ಹೊತ್ತಿಗೆ ನಾಲ್ಕು ವರ್ಷದಷ್ಟು ಹೆಚ್ಚು ಬಂದಿದೆಯೇ ಎಂದು ಯಾವುದೇ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿ ನೋಡಿ. ಅವರು ನಗುತ್ತಾರೆ.

ಏಕೆ ಬರಲಿಲ್ಲ ಎನ್ನುವುದಕ್ಕೆ ಒಂದು ಒರಟು ಲೆಕ್ಕ ಹಾಕಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಪಾಠ ನಡೆಯಬೇಕು. ದಿನಕ್ಕೆ 40 ನಿಮಿಷದ ಒಂದು ಪೀರಿಯಡ್ ಎಂದುಕೊಂಡರೆ ವರ್ಷಕ್ಕೆ 133 ಗಂಟೆ. ಆದರೆ ಆ 40 ನಿಮಿಷದಲ್ಲಿ ನಡೆಯುವುದೇನು? ಹಾಜರಿ, ಬೋರ್ಡಿನಿಂದ ನಕಲು, ನಾಲ್ಕು ಗೆರೆಯ ಪುಸ್ತಕದಲ್ಲಿ ಕಾಪಿ ಬರೆಯುವುದು, ಪಾಠದ ಅರ್ಥವನ್ನು ಕನ್ನಡದಲ್ಲಿ ಹೇಳುವುದು. ಮಗುವಿನ ಕಿವಿಗೆ ಇಂಗ್ಲಿಷ್ ಇಂಗ್ಲಿಷಾಗಿಯೇ ಬೀಳುವುದು ಧಾರಾಳವಾಗಿ ಲೆಕ್ಕ ಹಿಡಿದರೂ ಹತ್ತು ನಿಮಿಷ. ವರ್ಷಕ್ಕೆ 33 ಗಂಟೆ. ಐದು ವರ್ಷಕ್ಕೆ 165 ಗಂಟೆ. ತಾಯಿಯ ಸೊಂಟದ ಮೇಲಿರುವ ಕೂಸು ದಿನಕ್ಕೆ ಒಂಬತ್ತು ಗಂಟೆ ಎಚ್ಚರವಿದ್ದರೂ ಇಷ್ಟು ಕನ್ನಡವನ್ನು ಮೂರು ವಾರದೊಳಗೆ ಕೇಳಿಬಿಡುತ್ತದೆ. ‘ಐದು ವರ್ಷ ಕಲಿತರೂ ಬರಲಿಲ್ಲ’ ಎಂದು ನಾವು ಯಾವುದನ್ನು ಹೇಳುತ್ತೇವೆಯೋ ಅದು ನಿಜವಾಗಿ ಮೂರು ವಾರದ ಕಲಿಕೆ.

ಇದು ಬಯಲುಸೀಮೆಯ ಲೆಕ್ಕ. ಮಲೆನಾಡಿನಲ್ಲಿ ಇದರಿಂದಲೂ ಕಳೆಯಬೇಕು. ಜುಲೈ ತಿಂಗಳಿನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೇಷ್ಟ್ರು ಮೇಷ್ಟ್ರಿಗೇ ಕೇಳಿಸುವುದಿಲ್ಲ. ಹಳ್ಳ ಬಂದರೆ ಕಾಲುಸಂಕದ ಆಚೆಯ ಮಕ್ಕಳು ಬರುವುದಿಲ್ಲ. ಜಿಲ್ಲಾಧಿಕಾರಿ ರಜೆ ಕೊಟ್ಟರೆ ಅದನ್ನು ಶನಿವಾರ ಮಧ್ಯಾಹ್ನ ತುಂಬಿಸಿಕೊಳ್ಳಬೇಕು, ಆಗ ಮೊದಲು ತುಂಬುವುದು ಗಣಿತ. ಇದರ ಮೇಲೆ ಮೇಷ್ಟ್ರಿಗೆ ಚುನಾವಣೆ ಕೆಲಸ, ಸಮೀಕ್ಷೆ ಕೆಲಸ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮುಗಿಯದೆ ದಸರಾ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿದ್ದು ಎಲ್ಲರಿಗೂ ನೆನಪಿದೆ.

ಇನ್ನು ಲಿಪಿಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಏಕೆಂದರೆ ಮಕ್ಕಳು ಮುಗ್ಗರಿಸುವುದು ಇಲ್ಲಿಯೇ, ಮತ್ತು ದಡ್ಡರೆಂದು ಹೆಸರು ಪಡೆಯುವುದೂ ಇಲ್ಲಿಯೇ.

ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ದನಿ. ‘ಮ’ಕ್ಕೆ ‘ರ’ ಕೂಡಿಸಿದರೆ ‘ಮರ’. ಕಲಿಯಬೇಕಾದ ಅಕ್ಷರಗಳೇನೋ ಬಹಳ. 34 ವ್ಯಂಜನಗಳ ಕಾಗುಣಿತ ಬರೆದರೇ ನಾಲ್ಕುನೂರು ದಾಟುತ್ತದೆ, ಒತ್ತಕ್ಷರ ಬೇರೆ. ಮೂರು, ನಾಲ್ಕನೇ ತರಗತಿಗೆ ಬಂದರೂ ಕೆಲವು ಮಕ್ಕಳಿಗೆ ಅದು ಪೂರ್ತಿ ಹಿಡಿತಕ್ಕೆ ಬಂದಿರುವುದಿಲ್ಲ. ಆದರೆ ಒಮ್ಮೆ ಬಂತೆಂದರೆ ಮೋಸವಿಲ್ಲ. ಈ ನಂಬಿಕೆಯನ್ನು ಕಟ್ಟಿಕೊಂಡೇ ಮಗು ಇಂಗ್ಲಿಷ್ ಪುಸ್ತಕ ತೆರೆಯುತ್ತದೆ. ‘ಬಿ’, ‘ಎ’, ‘ಟಿ’ ಕೂಡಿಸಿದರೆ ಏನಾಗಬೇಕು? ನ್ಯಾಯವಾಗಿ ‘ಬಿಎಟಿ’ ಆಗಬೇಕು. ಮೇಷ್ಟ್ರು ‘ಬ್ಯಾಟ್’ ಎನ್ನುತ್ತಾರೆ. ‘ಎಚ್’ ಎಂಬ ಹೆಸರಿನಲ್ಲಿ ಹಕಾರವೇ ಇಲ್ಲ, ‘ಡಬ್ಲ್ಯೂ’ ಎಂಬ ಹೆಸರಿನಲ್ಲಿ ವಕಾರವಿಲ್ಲ. ‘ಎ’ ಎಂಬ ಒಂದೇ ಅಕ್ಷರ ಕ್ಯಾಟ್, ಕೇಕ್, ಕಾರ್, ಬಾಲ್‌ಗಳಲ್ಲಿ ನಾಲ್ಕು ವೇಷ ಹಾಕುತ್ತದೆ. ಇಪ್ಪತ್ತಾರು ಅಕ್ಷರಗಳು ನಲವತ್ತನಾಲ್ಕರಷ್ಟು ದನಿಗಳನ್ನು ಹೊರಬೇಕಾದರೆ ಹೀಗಾಗದೆ ಇನ್ನೇನಾಗುತ್ತದೆ? ಮೊದಲ ತಿಂಗಳಲ್ಲೇ ಮಗು ಒಂದು ತೀರ್ಮಾನಕ್ಕೆ ಬರುತ್ತದೆ: ಇದನ್ನು ಕೂಡಿಸಿ ಓದಲು ಆಗುವುದಿಲ್ಲ, ಬಾಯಿಪಾಠ ಮಾಡಬೇಕು. ಅಲ್ಲಿಂದ ‘ಬಿ ಎ ಟಿ ಬ್ಯಾಟ್, ಬ್ಯಾಟ್ ಎಂದರೆ ದಾಂಡು’ ಎಂಬ ರಾಗ ಶುರು. ಬಾಯಿಪಾಠ ಆಗದ ಮಕ್ಕಳಿಗೆ ಪೆನ್ಸಿಲ್ ಇದೆ.

ದನಿಯಿಂದ ಕಲಿಸಿದರೆ ಈ ತೊಡಕು ಬಹುಪಾಲು ಬಿಡಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ ಉಪಾಯ ನಮ್ಮ ಕಾಗುಣಿತದಲ್ಲಿಯೇ ಇದೆ. ‘ಕ’ ಎಂದರೆ ‘ಕ್’ ಮತ್ತು ‘ಅ’ ಎಂದು ನಾವು ಬಿಡಿಸಿ ಬರೆಯಲು ಕಲಿಸುತ್ತೇವಲ್ಲ, ಅದೇ. ‘ಬ್’ ಬೇರೆ, ‘ಆ್ಯ’ ಬೇರೆ, ‘ಟ್’ ಬೇರೆ ಎಂದು ಕಿವಿಗೆ ಕೇಳಿಸಿದ ಮಗು ಅವನ್ನು ಕೂಡಿಸಿ ‘ಬ್ಯಾಟ್’ ಎಂದು ತಾನೇ ಹೇಳುತ್ತದೆ. ಕನ್ನಡದ ಬಾಯಿಗೆ ಕೊನೆಯಲ್ಲಿ ಸ್ವರ ಬೇಕು, ಆದ್ದರಿಂದ ‘ಬ್ಯಾಟು’ ಎಂದೀತು. ಎನ್ನಲಿ, ಆಮೇಲೆ ತಿದ್ದಿಕೊಳ್ಳಬಹುದು. ಅಕ್ಷರದ ಹೆಸರುಗಳನ್ನು ನಾಲ್ಕು ತಿಂಗಳು ತಡವಾಗಿ ಹೇಳಿಕೊಟ್ಟರೆ ಆಕಾಶ ಬೀಳುವುದಿಲ್ಲ. ಆದರೆ ಒಂದನೇ ತರಗತಿಯ ಮಗು ಮನೆಗೆ ಹೋಗಿ ‘ಎ, ಬಿ, ಸಿ, ಡಿ’ ಒಪ್ಪಿಸದಿದ್ದರೆ ಅಪ್ಪನಿಗೆ ಸಮಾಧಾನವಿಲ್ಲ, ಅಪ್ಪನಿಗೆ ಸಮಾಧಾನವಿಲ್ಲದಿದ್ದರೆ ಮುಂದಿನ ವರ್ಷ ಮಗು ಪೇಟೆಯ ವ್ಯಾನು ಹತ್ತುತ್ತದೆ. ಮೇಷ್ಟ್ರು ಇದನ್ನು ಬಲ್ಲರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ದನಿಯಿಂದ ಕಲಿಸುವ ಕ್ರಮಕ್ಕೆ ಈಗ ‘ಫೋನಿಕ್ಸ್’ ಎಂಬ ಹೆಸರಿನಲ್ಲಿ ದೊಡ್ಡ ಮಾರುಕಟ್ಟೆ ಎದ್ದಿದೆ. ಶಿವಮೊಗ್ಗದ ಬಡಾವಣೆಗಳಲ್ಲಿ ಬೇಸಿಗೆ ರಜೆಗೆ ಫೋನಿಕ್ಸ್ ತರಗತಿಯ ಫಲಕಗಳನ್ನು ನೋಡಿದ್ದೇನೆ. ಈ ವಿದ್ಯೆ ಬಂದದ್ದು ಇಂಗ್ಲಿಷನ್ನೇ ಮಾತನಾಡುವ ದೇಶಗಳಿಂದ. ಅಮೆರಿಕದಲ್ಲಿ ಪ್ರಾಥಮಿಕ, ಮಾಧ್ಯಮಿಕ ತರಗತಿಗಳ ಈ ವಿಷಯಕ್ಕೆ ‘ಇಂಗ್ಲಿಷ್ ಲ್ಯಾಂಗ್ವೇಜ್ ಆರ್ಟ್ಸ್’ ಎಂದೇ ಹೆಸರು. ಕೇಳು, ಮಾತನಾಡು, ಓದು, ಬರೆ ಎಂಬ ನಾಲ್ಕನ್ನೂ ಒಂದೇ ಹಗ್ಗದ ಎಳೆಗಳಂತೆ ಹಿಡಿಯುತ್ತಾರೆ. ಅಲ್ಲಿಯೂ ದಶಕಗಟ್ಟಲೆ ಜಗಳ ನಡೆಯಿತು, ದನಿ ಮೊದಲೋ ಅರ್ಥ ಮೊದಲೋ ಎಂದು. 2000ದಲ್ಲಿ ಅಲ್ಲಿನ ರಾಷ್ಟ್ರೀಯ ಓದು ಸಮಿತಿ ಐದು ಸಂಗತಿಗಳನ್ನು ಎತ್ತಿ ಹೇಳಿತು: ದನಿಯ ಅರಿವು, ದನಿಗೂ ಅಕ್ಷರಕ್ಕೂ ಇರುವ ನಂಟು, ಸರಾಗ ಓದು, ಪದಸಂಪತ್ತು, ಗ್ರಹಿಕೆ. ಇದಕ್ಕೂ ಮೊದಲು, 1986ರಲ್ಲಿ, ಗಫ್ ಮತ್ತು ಟನ್ಮರ್ ಎಂಬ ಇಬ್ಬರು ವಿದ್ವಾಂಸರು ಓದನ್ನು ಒಂದು ಗುಣಾಕಾರವಾಗಿ ಹೇಳಿದ್ದರು. ಅಕ್ಷರ ಬಿಡಿಸುವ ಶಕ್ತಿಯನ್ನು ಭಾಷೆ ತಿಳಿಯುವ ಶಕ್ತಿಯಿಂದ ಗುಣಿಸಿದರೆ ಓದು. ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆ.

ಅಮೆರಿಕದ ಆರು ವರ್ಷದ ಮಗು ‘ಕ್ಯಾಟ್’ ಎಂದು ಕೂಡಿಸಿದ ಕ್ಷಣ ಅದಕ್ಕೆ ಮನೆಯ ಬೆಕ್ಕು ಕಾಣುತ್ತದೆ. ಆ ಪದವನ್ನು ಅದು ಸಾವಿರ ಸಲ ಕೇಳಿದೆ, ಕಾಗದದ ಮೇಲೆ ಈಗ ನೋಡುತ್ತಿದೆ ಅಷ್ಟೇ. ನಮ್ಮ ಮಗು ಕಷ್ಟಪಟ್ಟು ‘ಕ್ಯಾಟ್’ ಎಂದು ಕೂಡಿಸುತ್ತದೆ, ಕೂಡಿಸಿದ ಮೇಲೆ ಅಲ್ಲಿ ಯಾವ ಬೆಕ್ಕೂ ಇಲ್ಲ, ಬರಿಯ ಸದ್ದು. ಹೀಗಾಗಿ ಅಲ್ಲಿನ ಪಟ್ಟಿಗಳನ್ನು ಹಾಗೆಯೇ ತಂದು ಇಲ್ಲಿ ಗೋಡೆಗೆ ಅಂಟಿಸಿದರೆ ಅರ್ಧ ಕೆಲಸವೂ ಆಗುವುದಿಲ್ಲ. ‘ಅಸರ್’ ಸಮೀಕ್ಷೆ 2022ರಲ್ಲಿ ದೇಶದ ಗ್ರಾಮೀಣ ಮಕ್ಕಳ ಇಂಗ್ಲಿಷ್ ಓದನ್ನು ಪರೀಕ್ಷಿಸಿತ್ತು. ಐದನೇ ತರಗತಿಯಲ್ಲಿ ಸರಳ ವಾಕ್ಯ ಓದಬಲ್ಲವರು ಶೇ 24.5, ಎಂಟನೇ ತರಗತಿಯಲ್ಲಿ ಶೇ 46.7. ಎಂಟನೇ ತರಗತಿಯಲ್ಲಿ ವಾಕ್ಯ ಓದಿದವರಲ್ಲಿಯೂ ಅರ್ಥ ಹೇಳಿದವರು ಸುಮಾರು ಮೂರರಲ್ಲಿ ಇಬ್ಬರು. ಓದಿದ ಮೂರನೆಯವನೂ ನಮ್ಮ ಹೊಸನಗರದ ಹುಡುಗಿಯೂ ಒಂದೇ ದೋಣಿಯಲ್ಲಿದ್ದಾರೆ.

ಹಾಗಾದರೆ ಆ ಸದ್ದಿನ ಹಿಂದೆ ಬೆಕ್ಕನ್ನು ತರುವುದು ಹೇಗೆ? ತೀರ್ಥಹಳ್ಳಿ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಹದಿನೇಳು ಮಕ್ಕಳು, ಇಬ್ಬರು ಶಿಕ್ಷಕರು. ಒಂದರಿಂದ ಮೂರನೇ ತರಗತಿಯವರು ನಲಿಕಲಿ ಕೋಣೆಯಲ್ಲಿ ಒಟ್ಟಿಗೆ ಕುಳಿತಿದ್ದರು. ಹೊರಗೆ ಮಳೆ. ಟೀಚರ್ ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡಿದರು, ಇಂಗ್ಲಿಷಿನಲ್ಲಿ. ಕಾಗೆಯ ಸಗಣಿಯ ಮನೆ ಮಳೆಗೆ ಕೊಚ್ಚಿಹೋಗುವ, ಅದು ಬಂದು ಗುಬ್ಬಿಯ ಬಾಗಿಲು ತಟ್ಟುವ ಕಥೆ ಗೊತ್ತಿಲ್ಲದ ಮಗು ನಮ್ಮ ಕಡೆ ಇಲ್ಲ. ಹಾಗಾಗಿ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು, ಯಾವ ಮಾತಿನಲ್ಲಿ ಆಗುತ್ತದೆ ಎಂಬುದು ಮಾತ್ರ ಹೊಸದು. ಟೀಚರ್ ಮೇಜು ತಟ್ಟಿ, ನೆನೆದ ಕಾಗೆಯ ಹಾಗೆ ಹೆಗಲು ಮುದುರಿ, ‘ಓಪನ್ ದ ಡೋರ್’ ಎಂದರು. ಗುಬ್ಬಿ, ‘ವೇಟ್, ನನ್ನ ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿತು. ಮತ್ತೆ ತಟ್ಟಿದ್ದು, ಮತ್ತೆ ಅದೇ ಮಾತು. ಮೂರನೆಯ ಸಲಕ್ಕೆ ಟೀಚರ್ ಮೇಜು ತಟ್ಟಿ ಸುಮ್ಮನಾದರು. ಮಾತನ್ನು ಮಕ್ಕಳೇ ಕೂಗಿದರು. ಬೋರ್ಡಿನ ಮೇಲೆ ಒಂದಕ್ಷರವನ್ನೂ ಬರೆಯಲಿಲ್ಲ. ‘ಡೋರ್ ಎಂದರೆ ಬಾಗಿಲು’ ಎಂದು ಒಂದು ಸಲವೂ ಹೇಳಲಿಲ್ಲ.

ಬಿಸಿಯೂಟದ ಹೊತ್ತಿಗೆ ಒಬ್ಬ ಪುಟ್ಟ ಹುಡುಗ ಶೌಚಾಲಯದ ಬಾಗಿಲು ಬಡಿಯುತ್ತ ‘ಓಪನ್ ದ ಡೋರ್’ ಎಂದು ಕಿರುಚುತ್ತಿದ್ದ. ಒಳಗಿದ್ದವನು ‘ವೇಟ್’ ಎಂದ.

ಇಷ್ಟು ವರ್ಷಗಳ ಸೇವೆಯಲ್ಲಿ ಶಾಲೆಯೊಳಗೆ ಇಂಗ್ಲಿಷ್ ಕೆಲಸಕ್ಕೆ ಬಂದದ್ದನ್ನು ನಾನು ಕಿವಿಯಾರೆ ಕೇಳಿದ್ದು ಅದೊಂದೇ ಸಲ ಇರಬೇಕು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆರ್. ಅಮೃತವಲ್ಲಿ ಅವರ ಅಧ್ಯಕ್ಷತೆಯ ತಂಡ ಸಿದ್ಧಪಡಿಸಿದ ಇಂಗ್ಲಿಷ್ ಬೋಧನೆಯ ಟಿಪ್ಪಣಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಮಗುವಿನ ಸುತ್ತ ಅರ್ಥವಾಗುವ ಇಂಗ್ಲಿಷ್ ಧಾರಾಳವಾಗಿ ಇರಲಿ, ಬರೆಹ ಆಮೇಲೆ ಎಂದು. ಇಪ್ಪತ್ತು ವರ್ಷವಾಯಿತು. ಟಿಪ್ಪಣಿ ಚೆನ್ನಾಗಿಯೇ ಇದೆ.

ಆ ಟೀಚರ್ ಇನ್ನೊಂದು ಕೆಲಸ ಮಾಡಿದ್ದರು. ನಾಲ್ಕು, ಐದನೆಯವರಿಗೆ ಅಡಿಕೆ ತೋಟದಲ್ಲಿ ದಿನವೂ ಕಿವಿಗೆ ಬೀಳುವ ಇಂಗ್ಲಿಷ್ ಪದಗಳನ್ನು ಹುಡುಕಿಕೊಂಡು ಬರಲು ಹೇಳಿದ್ದರು. ಪಂಪು, ಪೈಪು, ಮೋಟರು, ಸ್ಟಾರ್ಟರು, ಫ್ಯೂಸು, ವೈರು, ಡ್ರಮ್ಮು, ಸ್ಪ್ರೇ, ಗೇಟು, ಟ್ಯಾಂಕು. ಒಂದು ಹಾಳೆ ತುಂಬಿ ಹಿಂಬದಿಗೂ ಹೋಗಿತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋವನ್ನೂ ಸೇರಿಸಿದ್ದರು, ಅದು ಫ್ರಾನ್ಸಿನ ಊರಿನ ಹೆಸರು ಎಂದು ನಾನು ಅಧಿಕಪ್ರಸಂಗ ಮಾಡಿದೆ. ಇಂಗ್ಲಿಷ್ ಬರುವುದಿಲ್ಲ ಎಂದುಕೊಂಡ ಮಕ್ಕಳ ಬಾಯಲ್ಲಿ ಆಗಲೇ ಇಷ್ಟು ಪದಗಳಿವೆ, ಅರ್ಥ ಸಮೇತ. ಓದನ್ನು ಈ ಪದಗಳಿಂದ ಶುರು ಮಾಡಿದರೆ ಆ ಗುಣಾಕಾರದಲ್ಲಿ ಸೊನ್ನೆ ಬರುವುದಿಲ್ಲ. ‘ಪಂಪ್’ ಎಂದು ಕೂಡಿಸಿದ ಹುಡುಗನಿಗೆ ಹಳ್ಳದ ದಂಡೆಯ ಪಂಪು ಕಾಣುತ್ತದೆ.

ಇಷ್ಟಾದರೂ ಕನ್ನಡದ ಓದು ಗಟ್ಟಿಯಾಗಿಲ್ಲದಿದ್ದರೆ ಇದೆಲ್ಲ ನೀರಿನ ಮೇಲಿನ ಬರೆಹ. ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ 1979ರಲ್ಲಿಯೇ ಮುಂದಿಟ್ಟ ವಾದ ಇದು: ಒಂದು ಭಾಷೆಯಲ್ಲಿ ಕಲಿತ ಓದಿನ ಜಾಣ್ಮೆ ಇನ್ನೊಂದು ಭಾಷೆಗೆ ದಾಟುತ್ತದೆ. ಕಥೆಯ ಮುಂದಿನ ಹೆಜ್ಜೆ ಊಹಿಸುವುದು, ಗೊತ್ತಿಲ್ಲದ ಪದದ ಅರ್ಥವನ್ನು ಅಕ್ಕಪಕ್ಕದ ಪದಗಳಿಂದ ಹಿಡಿಯುವುದು, ಓದಿದ್ದರಲ್ಲಿ ಮುಖ್ಯವಾದದ್ದು ಯಾವುದು ಎಂದು ಆರಿಸುವುದು, ಇವನ್ನು ಎರಡು ಸಲ ಕಲಿಯಬೇಕಾಗಿಲ್ಲ. ಕನ್ನಡದಲ್ಲಿ ಕಲಿತರೆ ಸಾಕು. ಆದರೆ ಕನ್ನಡದಲ್ಲಿಯಾದರೂ ಕಲಿತಿರಬೇಕು. ಶಿಕಾರಿಪುರದ ತಾಂಡಾದ ಮಗುವಿಗೆ, ಶಿವಮೊಗ್ಗ ಪೇಟೆಯ ಉರ್ದು ಮನೆಯ ಮಗುವಿಗೆ, ಭದ್ರಾವತಿಯ ತಮಿಳು ಮನೆಯ ಮಗುವಿಗೆ ಪುಸ್ತಕದ ಕನ್ನಡವೇ ಎರಡನೆಯ ಭಾಷೆ ಎಂಬುದನ್ನು ‘ಮಾತೃಭಾಷೆ’ ಎಂದು ಭಾಷಣ ಮಾಡುವವರು ಮರೆಯುತ್ತಾರೆ.

ಈ ವಾದಕ್ಕೆ ನಮ್ಮ ಜಿಲ್ಲೆಯ ಸಭೆಗಳಲ್ಲಿ ಕೊಡುವ ಉದಾಹರಣೆಗಳು ಎಲ್ಲರಿಗೂ ಬಾಯಿಪಾಠ. ಕುಪ್ಪಳಿಯ ಕುವೆಂಪು ಅವರ ಮೊದಲ ಪುಸ್ತಕ 1922ರಲ್ಲಿ ಬಂದ ಇಂಗ್ಲಿಷ್ ಕವಿತೆಗಳದು, ಮೇಳಿಗೆಯ ಅನಂತಮೂರ್ತಿ ಮತ್ತು ಕೊನಗವಳ್ಳಿಯ ಲಂಕೇಶ್ ಇಬ್ಬರೂ ಇಂಗ್ಲಿಷ್ ಮೇಷ್ಟ್ರುಗಳು, ಇವರೆಲ್ಲ ಕನ್ನಡದಲ್ಲಿ ಬೇರೂರಿ ಇಂಗ್ಲಿಷ್ ಗೆದ್ದವರು ಎಂದು. ನಿಜವೇ. ಆದರೆ ನಾಲ್ಕಾರು ಪ್ರತಿಭಾವಂತರನ್ನು ತೋರಿಸಿ ಹದಿನೇಳು ಮಕ್ಕಳ ಶಾಲೆಯ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನಿಗೆ ಮಗುವನ್ನು ಹತ್ತಿಸುವ ಕೂಲಿಯವಳನ್ನು ನಾನು ಇದೇ ಕಾರಣಕ್ಕೆ ಹಂಗಿಸಲಾರೆ. ಬೆಂಗಳೂರಿನಲ್ಲಿ ಕೆಲಸ ಹುಡುಕಲು ಹೋದ ಅಣ್ಣನ ಮಗ ಇಂಗ್ಲಿಷ್ ಬಾರದೆ ವಾಪಸು ಬಂದದ್ದನ್ನು ಅವಳು ನೋಡಿದ್ದಾಳೆ. ಅವಳು ದುಡ್ಡು ಕೊಟ್ಟು ಕೊಳ್ಳುತ್ತಿರುವುದು ಇಂಗ್ಲಿಷನ್ನು. ಅಲ್ಲಿ ಸಿಗುತ್ತಿರುವುದು ಇಂಗ್ಲಿಷಿನಲ್ಲಿ ಅಚ್ಚಾದ ವಿಜ್ಞಾನದ ಪ್ರಶ್ನೋತ್ತರ, ಅದನ್ನು ಕನ್ನಡದಲ್ಲಿ ವಿವರಿಸುವ, ತಾನೂ ಕನ್ನಡ ಮಾಧ್ಯಮದಲ್ಲಿಯೇ ಓದಿದ ಟೀಚರ್. ಮಗುವಿಗೆ ಇಂಗ್ಲಿಷೂ ಇಲ್ಲ, ವಿಜ್ಞಾನವೂ ಇಲ್ಲ.

ಸರ್ಕಾರಿ ಶಾಲೆಯ ಕಡೆ ತಿರುಗಿದರೆ ಪ್ರಶ್ನೆ ಹುದ್ದೆಯದು. ಒಂದರಿಂದ ಐದನೇ ತರಗತಿಗೆ ಇಂಗ್ಲಿಷಿಗೆಂದೇ ಶಿಕ್ಷಕರಿಲ್ಲ. ಎಲ್ಲ ವಿಷಯ ಕಲಿಸುವವರೇ ಇದನ್ನೂ ಕಲಿಸಬೇಕು. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರ ನೇಮಕವಾಗುತ್ತದೆ, ಆದರೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ನೋಡಿ: ವಿಜ್ಞಾನ ಮತ್ತು ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ‘ಭಾಷೆಗಳಿಗೆ’ ಒಬ್ಬರು. ಬಹುವಚನವನ್ನು ಗಮನಿಸಬೇಕು. ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ಒಬ್ಬರೇ ಹೊತ್ತರೂ ಕಾಯ್ದೆಯ ಕಣ್ಣಿಗೆ ಎಲ್ಲವೂ ಸರಿ. ಮಕ್ಕಳ ಸಂಖ್ಯೆ ಕಡಿಮೆ ಇರುವ ಮಲೆನಾಡಿನ ಶಾಲೆಗಳಲ್ಲಿ ಆಗುತ್ತಿರುವುದೂ ಅದೇ. ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಶಿಕ್ಷಕರಿಗೆ ಅಲ್ಲಿ ಮೂವತ್ತು ದಿನದ ತರಬೇತಿ ಕೊಡುತ್ತಾರೆ. ಹೋಗಿ ಬಂದವರು ಮೊದಲ ಎರಡು ವಾರ ತರಗತಿಯಲ್ಲಿ ಇಂಗ್ಲಿಷಿನಲ್ಲೇ ಮಾತನಾಡುವುದನ್ನು ಕಂಡಿದ್ದೇನೆ. ಆಮೇಲೆ ಅವರ ಜೊತೆ ಇಂಗ್ಲಿಷಿನಲ್ಲಿ ಮಾತನಾಡುವ ಇನ್ನೊಂದು ಜೀವ ಸುತ್ತ ಹತ್ತು ಮೈಲಿಯಲ್ಲಿ ಇರುವುದಿಲ್ಲ. ಬಳಸದ ಕತ್ತಿ ತುಕ್ಕು ಹಿಡಿಯುತ್ತದೆ.

ಮಾಧ್ಯಮಿಕ ಹಂತಕ್ಕೆ ಬಂದರೆ ಕಥೆ ಬೇರೆ ತಿರುವು ಪಡೆಯುತ್ತದೆ. ಅಲ್ಲಿ ಹೊಸದಾಗಿ ಬರಬೇಕಾದದ್ದು ಬರವಣಿಗೆ, ಅಂದರೆ ತನ್ನ ಮಾತನ್ನು ತಾನೇ ಬರೆಯುವುದು. ಏಳನೇ ತರಗತಿಯ ಒಬ್ಬ ಹುಡುಗನಿಗೆ ‘ನನ್ನ ಶಾಲೆ’ ಎಂಬ ಪ್ರಬಂಧದಲ್ಲಿ ಹತ್ತಕ್ಕೆ ಒಂಬತ್ತು ಬಂದಿತ್ತು. ಒಂದೂ ತಪ್ಪಿಲ್ಲ. ನನ್ನ ಶಾಲೆಗೆ ದೊಡ್ಡ ಆಟದ ಮೈದಾನವಿದೆ, ಸುಸಜ್ಜಿತ ಗ್ರಂಥಾಲಯವಿದೆ, ನಲವತ್ತು ಶಿಕ್ಷಕರಿದ್ದಾರೆ ಎಂದಿತ್ತು. ಶಾಲೆಯ ಅಂಗಳದಲ್ಲಿ ಲಗೋರಿ ಆಡಲೂ ಜಾಗವಿರಲಿಲ್ಲ. ಗೈಡಿನ ಶಾಲೆ ಅದು. ಅವನ ಪಕ್ಕದ ಹುಡುಗ ಅಪ್ಪ ಮರ ಹತ್ತಿ ಅಡಿಕೆ ಕೊನೆ ತೆಗೆಯುವುದನ್ನು ಮೂರು ಸಾಲಿನಲ್ಲಿ ಬರೆದಿದ್ದ. ಕ್ರಿಯಾಪದಗಳು ಹಾದಿ ತಪ್ಪಿದ್ದವು, ಕನ್ನಡದ ಹಾಗೆ ವಾಕ್ಯದ ಕೊನೆಗೆ ಹೋಗಿ ಕುಳಿತಿದ್ದವು, ‘ಎ’, ‘ದ’ಗಳ ಸುಳಿವೇ ಇರಲಿಲ್ಲ. ಆದರೆ ಅಪ್ಪ ಒಂದು ಮರದಿಂದ ಇನ್ನೊಂದು ಮರಕ್ಕೆ ಇಳಿಯದೆಯೇ ದಾಟುವುದು ಅದರಲ್ಲಿತ್ತು. ಹತ್ತಕ್ಕೆ ಎರಡು, ಮೇಲೆ ಕೆಂಪು ಶಾಯಿಯ ಬೇಲಿ. ಮುಂದಿನ ಸಲ ಅವನೂ ಗೈಡು ಕೊಳ್ಳುತ್ತಾನೆ. ಅವನ ತಪ್ಪುಗಳು ಅಡ್ಡಾದಿಡ್ಡಿ ತಪ್ಪುಗಳಲ್ಲ, ಕನ್ನಡದ ಕಟ್ಟಡದಿಂದ ಇಂಗ್ಲಿಷಿನ ಕಟ್ಟಡಕ್ಕೆ ಹೋಗುವ ದಾರಿಯಲ್ಲಿ ಎಲ್ಲರೂ ಮಾಡುವ ತಪ್ಪುಗಳು. ಎರಡು ವಾಕ್ಯಗಳನ್ನು ಅಕ್ಕಪಕ್ಕ ಬರೆದು, ‘ನೋಡು, ನಮ್ಮಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಅವರಲ್ಲಿ ನಡುವೆ ನುಗ್ಗುತ್ತದೆ’ ಎಂದು ಹತ್ತು ನಿಮಿಷ ಹೇಳಿದರೆ ಆಗುತ್ತಿತ್ತು. ಆದರೆ ಮುಂದೆ ಎಸ್ಸೆಸ್ಸೆಲ್ಸಿಯ 80 ಅಂಕದ ಲಿಖಿತ ಪರೀಕ್ಷೆ ಕಾಯುತ್ತಿದೆ. ಅಲ್ಲಿ ಪದ್ಯದ ಸಾಲುಗಳನ್ನು ನೆನಪಿನಿಂದ ಬರೆದರೆ ಅಂಕವಿದೆ, ಪತ್ರದ ಮಾದರಿ ಬಾಯಿಪಾಠ ಮಾಡಿದರೆ ಅಂಕವಿದೆ. ಏಳನೇ ತರಗತಿಯ ಮೇಷ್ಟ್ರು ಆಗಲೇ ಅದಕ್ಕೆ ಮಕ್ಕಳನ್ನು ಅಣಿಗೊಳಿಸುತ್ತಿರುತ್ತಾರೆ.

ಓದಲು ಪಠ್ಯಪುಸ್ತಕ ಬಿಟ್ಟು ಬೇರೇನೂ ಇಲ್ಲ ಎಂಬ ಮಾತು ಮಾತ್ರ ಈಗ ಸಲ್ಲದು. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಒಂದೇ ಚಿತ್ರಕಥೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಪುಕ್ಕಟೆ ಸಿಗುತ್ತದೆ. 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವವೂ ಉಚಿತ. ಮೊದಲು ಕನ್ನಡದಲ್ಲಿ ಓದಿದ ಕಥೆಯನ್ನು ಮಾರನೆಯ ದಿನ ಇಂಗ್ಲಿಷಿನಲ್ಲಿ ಓದುವ ಮಗುವಿಗೆ ಪೆನ್ಸಿಲ್ ಬೇಕಾಗುವುದಿಲ್ಲ.

ಈಗಿನ ಗಾಳಿ ಕರ್ನಾಟಕ ಪಬ್ಲಿಕ್ ಶಾಲೆಗಳ ಕಡೆ ಬೀಸುತ್ತಿದೆ. ಎಲ್‌ಕೆಜಿಯಿಂದ ಪಿಯುವರೆಗೆ ಒಂದೇ ಆವರಣ, ಕನ್ನಡದ ಜೊತೆ ಇಂಗ್ಲಿಷ್ ಮಾಧ್ಯಮದ ವಿಭಾಗ. ಪೋಷಕರ ಒಲವು ಸ್ಪಷ್ಟವಾಗಿಯೇ ಇದೆ. ಸುತ್ತಲಿನ ಸಣ್ಣ ಶಾಲೆಗಳು ಇದರೊಳಗೆ ಕರಗಿಹೋಗುತ್ತವೆ ಎಂಬ ಭಯವೂ ಸುಳ್ಳಲ್ಲ. ನಾಲ್ಕು ಮನೆ ಇಲ್ಲಿ, ಮೂರು ಮನೆ ಗುಡ್ಡದಾಚೆ ಇರುವ ನಮ್ಮ ಕಡೆ ಐದು ಕಿಲೋಮೀಟರ್ ಎಂದರೆ ನಕ್ಷೆಯ ಐದು ಕಿಲೋಮೀಟರ್ ಅಲ್ಲ. ಅದು ದೊಡ್ಡ ಚರ್ಚೆ, ಬೇರೆಯೇ ಬರೆಯಬೇಕು. ಇಲ್ಲಿ ಕೇಳಬೇಕಾದದ್ದು ಇಷ್ಟೆ: ಆ ಇಂಗ್ಲಿಷ್ ವಿಭಾಗದಲ್ಲಿ ಪಾಠ ಮಾಡುವವರು ಯಾರು? ಆಕಾಶದಿಂದ ಇಳಿಯುವವರಲ್ಲ. ಇದೇ ತಾಲ್ಲೂಕಿನ ಇವೇ ಶಾಲೆಗಳಿಂದ ಹೋಗುವ, ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲೂ ಕಷ್ಟಪಡುತ್ತಿದ್ದ ಶಿಕ್ಷಕರೇ ಅಲ್ಲಿ ಗಣಿತವನ್ನೂ ಪರಿಸರ ಅಧ್ಯಯನವನ್ನೂ ಇಂಗ್ಲಿಷಿನಲ್ಲಿ ಹೇಳಬೇಕು. ದಿನಕ್ಕೆ ಒಂದು ಪೀರಿಯಡ್ ಸರಿಯಾಗಿ ನಡೆಸುವುದನ್ನು ಮೊದಲು ಕಲಿತಿದ್ದರೆ ಐದು ಪೀರಿಯಡ್‌ಗೆ ಹೋಗುವ ಧೈರ್ಯ ಬರುತ್ತಿತ್ತು.

ಕಾಗಕ್ಕನ ಕಥೆ ಹೇಳುತ್ತಿದ್ದ ಟೀಚರಿಗೆ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಅವರು ಕೇಳಿಯೇ ಹೋದರು, ಗಂಡ ಕೆಲಸ ಮಾಡುವ ಊರಿಗೆ, ಅದರಲ್ಲಿ ತಪ್ಪಿಲ್ಲ. ಅವರ ಜಾಗಕ್ಕೆ ಅತಿಥಿ ಶಿಕ್ಷಕಿ ಬಂದದ್ದು ಶಾಲೆ ಶುರುವಾಗಿ ಆರು ವಾರದ ಮೇಲೆ. ಇಪ್ಪತ್ತಮೂರರ ಹುಡುಗಿ. ಇಂಗ್ಲಿಷ್ ಪುಸ್ತಕ ತೆರೆದು ‘ಬಿ ಎ ಟಿ’ ಎಂದು ಶುರು ಮಾಡಿದಾಗ ಮೂರನೇ ತರಗತಿಯವರು, “ಹಾಗಲ್ಲ ಟೀಚರ್, ನೀವು ಮೊದಲು ಕಾಗೆ ಆಗಬೇಕು” ಎಂದರಂತೆ. ಏನು ಮಾಡಬೇಕೆಂದು ಅವರೇ ಮಾಡಿ ತೋರಿಸಿದರಂತೆ. ಫೋನಿನಲ್ಲಿ ನನಗೆ ಇದನ್ನು ಹೇಳುವಾಗ ಆ ಹುಡುಗಿ ನಗುತ್ತಿದ್ದಳು. ಆಮೇಲೆ, “ಸರ್, ಆ ಕಥೆ ಮುಗಿದ ಮೇಲೆ ಯಾವ ಕಥೆ ಹೇಳುತ್ತಿದ್ದರು ಎಂದು ಅವರನ್ನು ಕೇಳಿ ಹೇಳುತ್ತೀರಾ?” ಎಂದು ಕೇಳಿದಳು. ನಂಬರ್ ಕೊಟ್ಟಿದ್ದೇನೆ.